ಉದಯಾದ ಕೋಳಿ ನಿಮ್ಮ ಊರಿನಲ್ಲಿ ಪೂರ್ತಿ ಕೂಗಿತ್ತಾ?

ಕುಂಬಳೆ ಕಡಲು

ಮನೆಯಲ್ಲಿ ಶುರುವಾದ ಜಗಳ, ಇಲ್ಲಿಗೆ ತಂದು ಹಾಕುತ್ತಿದ್ದೇನೆ. ಹಳೇ ಮಲಯಾಳಂ ಸಿನೆಮಾ ನೋಡಿದವರಿಗೆ ಉದಯಾ ಸ್ಟುಡಿಯೋದ ಲಾಂಛನ ನೆನಪಿರಬೇಕು. ಭೂಗೋಳದ ಮೇಲೆ ನಿಂತ ಹುಂಜ. ಅದು ಗಂಟಲು ಬಿಟ್ಟು ಕೂಗುತ್ತಿತ್ತು ಅಂತ ನಾನು. ಕೂಗುವುದೆಲ್ಲಿ ಬಂತು, ಹುಂಜ ಕಂಡದ್ದೇ ತಡ ಟಪ್ ಅಂತ ಹೆಸರುಗಳು ಬರುತ್ತಿದ್ದವು ಅಂತ ನಮ್ಮ ದೊಡ್ಡಣ್ಣ. ಒಂದೇ ಊರು, ಒಂದೇ ಟಾಕೀಸು. ಇಬ್ಬರ ಕಿವಿಯೂ ಸರಿ ಉಂಟು.

ಇನ್ನೊಂದು ಪ್ರಶ್ನೆಯೂ ಇದರ ಬಾಲ ಹಿಡಿದು ಬಂತು. ಮಲಯಾಳಕ್ಕೆ ಕೋಳಿ, ತಮಿಳಿಗೆ ಎ.ವಿ.ಎಂ. ಸ್ಟುಡಿಯೋದ ಗುರುತು, ಮರಾಠಿಗೆ ತುತಾರಿ ಅನ್ನುವ ಕಹಳೆ ಊದುವ ಹೆಂಗಸು. ಕನ್ನಡಕ್ಕೆ ಅಂಥದ್ದು ಯಾಕಿಲ್ಲ? ನಾವು ಗಡಿಯವರು, ಎರಡೂ ಕಡೆಯದ್ದು ನೋಡಿ ಬೆಳೆದವರು. ಗೊತ್ತಿದ್ದವರು ಹೇಳಿ.

ಪೆರ್ಲದ ಪ್ರೇಕ್ಷಕ

ಕೂಗುತ್ತಿತ್ತು ಮಾರಾಯ್ರೆ. ಕೂಗದಿದ್ದರೆ ಅದು ಉದಯಾ ಹೇಗಾಗುತ್ತದೆ?

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಕುಂಚಾಕೋ ಆಲಪ್ಪುಳದ ಪಾತಿರಪ್ಪಳ್ಳಿಯಲ್ಲಿ ಈ ಸ್ಟುಡಿಯೋ ಶುರು ಮಾಡಿದ್ದು 1947ರಲ್ಲಿ. ಅದಕ್ಕಿಂತ ಮೊದಲು ಮಲಯಾಳಂ ಸಿನೆಮಾ ತೆಗೆಯಬೇಕಾದರೆ ಗಂಟುಮೂಟೆ ಕಟ್ಟಿಕೊಂಡು ಮದ್ರಾಸಿಗೋ ಸೇಲಂಗೋ ಹೋಗಬೇಕಿತ್ತು. ಮಲಯಾಳಂನ ಮೊದಲ ಟಾಕಿ 'ಬಾಲನ್' 1938ರಲ್ಲಿ ತಯಾರಾದದ್ದೇ ಸೇಲಂನ ಮಾಡರ್ನ್ ಥಿಯೇಟರ್ಸ್‌ನವರಿಂದ. ಉದಯಾದ ಮೊದಲ ಚಿತ್ರ 'ವೆಳ್ಳಿನಕ್ಷತ್ರಂ' 1949ರಲ್ಲಿ ಬಂತು, ಓಡಲಿಲ್ಲ. 1951ರ 'ಜೀವಿತನೌಕ' ಕೈ ಹಿಡಿಯಿತು. 1961ರಲ್ಲಿ 'ಉಣ್ಣಿಯಾರ್ಚ' ಬಂದ ಮೇಲೆ ವಡಕ್ಕನ್ ಪಾಟ್ಟಿನ, ಅಂದರೆ ಉತ್ತರ ಮಲಬಾರಿನ ವೀರಗೀತೆಗಳ, ಕಳರಿ ಕಾಳಗದ ಕಥೆಗಳ ಸಾಲೇ ಹೊರಟಿತು. ಕತ್ತಿ, ಗುರಾಣಿ, ಸೇಡು, ಪಣ. ಮಲಯಾಳಂ ಅರ್ಧಂಬರ್ಧ ಅರ್ಥವಾಗುವ ನಮ್ಮಂಥವರಿಗೂ ಅದು ಸಾಕಿತ್ತು.

ಎದುರಾಳಿ ಇದ್ದದ್ದು ತಿರುವನಂತಪುರದ ನೇಮಂನಲ್ಲಿ. ಪಿ. ಸುಬ್ರಹ್ಮಣ್ಯಂ ಅವರ ಮೆರಿಲ್ಯಾಂಡ್, 1951ರದ್ದು. ಅವರ ಬ್ಯಾನರ್, ಅಂದರೆ ನಿರ್ಮಾಣ ಸಂಸ್ಥೆಯ ಹೆಸರು, ನೀಲಾ. ಲಾಂಛನ ಸಾಕ್ಷಾತ್ ಸುಬ್ರಹ್ಮಣ್ಯ ಸ್ವಾಮಿ. ಪರದೆ ಮೇಲೆ ದೇವರು ಬಂದರೆ ಮೆರಿಲ್ಯಾಂಡ್, ಕೋಳಿ ಬಂದರೆ ಉದಯಾ. ಓದು ಬಾರದವರಿಗೂ ಯಾರ ಸಿನೆಮಾ ಅಂತ ತಕ್ಷಣ ಗೊತ್ತಾಗುತ್ತಿತ್ತು. ಆದರೆ ಒಂದು ತಮಾಷೆ ನೋಡಿ. ಸುಬ್ರಹ್ಮಣ್ಯನ ಧ್ವಜದಲ್ಲಿ ಇರುವುದೂ ಕೋಳಿಯೇ! ಎದುರಾಳಿಯ ದೇವರ ಕೈಯಲ್ಲೇ ತಮ್ಮ ಹಕ್ಕಿ.

ಉಪ್ಪಳದ ಹುಡುಗಿ

ಕೋಳಿ ಅಂಕದ ಊರಿನವರಿಗೆ ಕೋಳಿ ಬಿಟ್ಟು ಬೇರೆ ಲಾಂಛನ ಹಿಡಿಸುವುದು ಕಷ್ಟವೇ ಬಿಡಿ. 😄

ನಾನು ಹುಟ್ಟುವ ಹೊತ್ತಿಗೆ ಇದೆಲ್ಲ ಮುಗಿದಿತ್ತು. ಉದಯಾ ಹೆಸರು ನನಗೆ ಗೊತ್ತಾದದ್ದು ಕುಂಚಾಕೋ ಬೋಬನ್ 2016ರಲ್ಲಿ ಅಜ್ಜನ ಬ್ಯಾನರ್ ಮತ್ತೆ ಎತ್ತಿದಾಗ. ಮೆರಿಲ್ಯಾಂಡ್ ಹೆಸರೂ ಹಾಗೆಯೇ, 2022ರ 'ಹೃದಯಂ' ಸಿನೆಮಾದಿಂದ. ಅಲ್ಲೂ ಮೊಮ್ಮಗನೇ.

ರೀಲು ಮಾಮ

ಕುಂಬಳೆಯವರೇ, ನೀವೂ ಸರಿ, ನಿಮ್ಮ ದೊಡ್ಡಣ್ಣನೂ ಸರಿ. ಕೂಗು ತಿಂದದ್ದು ಪ್ರೊಜೆಕ್ಟರು. ನಾನು ಮಂಜೇಶ್ವರ ಕಡೆ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವನು, ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡುತ್ತಿದ್ದ ಕಾಲದಿಂದ.

ನಿಧಾನಕ್ಕೆ ಹೇಳುತ್ತೇನೆ. 35 ಎಂ.ಎಂ. ಫಿಲ್ಮಿನಲ್ಲಿ ಅಡಿಗೆ 16 ಫ್ರೇಮ್. ಸೆಕೆಂಡಿಗೆ 24 ಫ್ರೇಮ್ ಓಡಬೇಕು, ಅಂದರೆ ಒಂದೂವರೆ ಅಡಿ. 1000 ಅಡಿಯ ರೀಲು 11 ನಿಮಿಷ. ಲಾಂಛನ 20 ಸೆಕೆಂಡ್ ಅಂತ ಇಟ್ಟುಕೊಳ್ಳಿ, ಅದು ಬರೀ 30 ಅಡಿ. ಈ 30 ಅಡಿ ಇರುವುದೆಲ್ಲಿ? ಒಂದನೇ ರೀಲಿನ ತಲೆಯಲ್ಲಿ. ಇಡೀ ಸಿನೆಮಾದಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ಜಾಗ ಅದು.

ಹೊಸ ಪ್ರಿಂಟ್ ಬಂದಾಗ ಮೊದಲು ಲೀಡರ್ ಇರುತ್ತದೆ, ಅಂಕಿ ಇಳಿಯುತ್ತಾ ಬರುವ ಖಾಲಿ ಫಿಲ್ಮ್. ಆಮೇಲೆ ಸೆನ್ಸಾರ್ ಸರ್ಟಿಫಿಕೇಟ್. ಆಮೇಲೆ ಲಾಂಛನ. ಪ್ರತಿ ಆಟಕ್ಕೂ ತುದಿಯನ್ನು ಮೇಲಿನ ಸ್ಪೂಲಿನಿಂದ ಎಳೆದು, ಹಲ್ಲಿನ ಚಕ್ರಗಳಿಗೆ ಸಿಕ್ಕಿಸಿ, ಚಿತ್ರಕ್ಕೆ ಬೆಳಕು ಬೀಳುವ ಗೇಟ್ ದಾಟಿಸಿ, ಕೆಳಗಿನ ಸ್ಪೂಲಿಗೆ ಸುತ್ತಬೇಕು. ಆ ತುದಿ ಬೆರಳಿಗೆ ಸಿಗುತ್ತದೆ, ನೆಲಕ್ಕೆ ತಾಗುತ್ತದೆ, ಧೂಳು ಹಿಡಿಯುತ್ತದೆ. ಅಂಚಿನ ತೂತು ಹರಿದರೆ ಅಷ್ಟು ಕತ್ತರಿಸಿ ಬಿಸಾಡುವುದು. ಬ್ಲೇಡಿನಲ್ಲಿ ಕೆರೆದು, ಸಿಮೆಂಟ್ ಅನ್ನುವ ಫಿಲ್ಮ್ ಅಂಟು ಹಚ್ಚಿ, ಒತ್ತಿ ಹಿಡಿದು ಅಂಟಿಸುವುದು. ಲೀಡರ್ ಮುಗಿದ ಮೇಲೆ ಸರ್ಟಿಫಿಕೇಟಿನ ಸರದಿ. ಅದೂ ಸವೆದರೆ ಲಾಂಛನಕ್ಕೇ ಬ್ಲೇಡು. ಒಳ್ಳೇ ಟಾಕೀಸಿನಲ್ಲಿ ಖಾಲಿ ಫಿಲ್ಮ್ ತಂದು ಹೊಸ ಲೀಡರ್ ಅಂಟಿಸುತ್ತಿದ್ದರು. ಎಲ್ಲ ಕಡೆ ಆ ತಾಳ್ಮೆ ಎಲ್ಲಿಂದ?

ಈಗ ಶಬ್ದದ ವಿಷಯ. ಚಿತ್ರದ ಪಕ್ಕದಲ್ಲೇ ಧ್ವನಿಯ ಪಟ್ಟಿ ಇರುತ್ತದೆ, ಆದರೆ ಒಂದೇ ಜಾಗದಲ್ಲಿ ಅಲ್ಲ. ಗೇಟ್ ಮೇಲೆ, ಧ್ವನಿ ಓದುವ ಸೌಂಡ್ ಹೆಡ್ ಕೆಳಗೆ. ಅದಕ್ಕೆ ಧ್ವನಿಯನ್ನು ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದೆ ಅಚ್ಚು ಹಾಕಿರುತ್ತಾರೆ. ಕೋಳಿ ಕೂಗುವ ಚಿತ್ರದ ಸ್ವಲ್ಪ ಮೊದಲು ಫಿಲ್ಮ್ ಕತ್ತರಿಸಿದಿರಿ ಅಂತಿಟ್ಟುಕೊಳ್ಳಿ. ಚಿತ್ರ ಉಳಿಯಿತು, ಅದರ ಧ್ವನಿ ಕತ್ತರಿಸಿದ ತುಂಡಿನ ಜೊತೆ ಕಸದ ಡಬ್ಬಕ್ಕೆ ಹೋಯಿತು. ಪರದೆಯ ಮೇಲೆ ಹುಂಜ ಕಾಣುತ್ತದೆ, ಕೂಗು ಕೇಳುವುದಿಲ್ಲ. ಮುಕ್ಕಾಲು ಸೆಕೆಂಡಿನ ಮೇಲೆ ನಿಶ್ಶಬ್ದ. ನಿಮ್ಮ ದೊಡ್ಡಣ್ಣ ನೋಡಿದ್ದು ಅದನ್ನೇ.

ನೀವು ಮೊದಲ ವಾರ ಹೋಗಿದ್ದಿರಬೇಕು, ಅವರು ಆಮೇಲೆ. ಅಥವಾ ಅವರು ಹೋದದ್ದು ಸೆಕೆಂಡ್ ರನ್ನಿಗೆ, ಅದೇ ಹಳೇ ಪ್ರಿಂಟ್ ಮತ್ತೆ ಬಂದಾಗ.

ಕುಂಬಳೆ ಕಡಲು

ಮಾಮ, ಇದನ್ನು ದೊಡ್ಡಣ್ಣನಿಗೆ ಜೋರಾಗಿ ಓದಿ ಹೇಳಿದೆ. "ನಾನು ಯಾವಾಗಲೂ ಎರಡನೇ ವಾರವೇ ಹೋಗುತ್ತಿದ್ದದ್ದು, ರಶ್ ಇರುತ್ತಿರಲಿಲ್ಲ" ಅಂದರು. ಜಗಳ ಮುಗಿಯಿತು, ಆದರೆ ಗೆದ್ದದ್ದು ತಾನೇ ಅಂತ ಅವರು ಹೇಳುತ್ತಿದ್ದಾರೆ.

ಪೆರ್ಲದ ಪ್ರೇಕ್ಷಕ

ನಮ್ಮ ಕಡೆಗೆ ರೀಲಿನ ಪೆಟ್ಟಿಗೆ ಬರುತ್ತಿದ್ದದ್ದೇ ಕೊನೆಗೆ ಅಲ್ವಾ. ದೊಡ್ಡ ಊರಿನ ಎ ಸೆಂಟರ್ ಮುಗಿಸಿ, ಬಿ ಸೆಂಟರ್ ಮುಗಿಸಿ, ನಮ್ಮಂಥ ಸಣ್ಣ ಊರಿನ ಸಿ ಸೆಂಟರ್‌ಗೆ. ಮಂಗಳೂರಿಗೆ ಬಂದ ಕನ್ನಡ ಪ್ರಿಂಟ್ ಗಡಿ ದಾಟಿ ಬರುವಾಗ ಮಳೆ ಗೀರು ತುಂಬಿಕೊಂಡು ಬರುತ್ತಿತ್ತು. ಆ ಕಡೆಯಿಂದ ಬರುವ ಮಲಯಾಳಂ ಪ್ರಿಂಟಿಗೂ ಕಾಸರಗೋಡು ಎಂದರೆ ಕೊನೇ ಸ್ಟಾಪು. ಎರಡು ಭಾಷೆಯ ಸಿನೆಮಾ ನೋಡಿದ್ದೇನೋ ನಿಜ. ಎರಡರದ್ದೂ ತಲೆ ಮಾತ್ರ ನೋಡಿಲ್ಲ.

ಹೊಸೂರು ಹೈದ

ಕನ್ನಡಕ್ಕೆ ಲಾಂಛನ ಇಲ್ಲ ಅಂದವರಿಗೆ ನನ್ನದೊಂದು ಮಾತು. ನಮಗೆ ಇತ್ತು, ನಮ್ಮದಾಗಿರಲಿಲ್ಲ ಅಷ್ಟೇ. 'ಬೇಡರ ಕಣ್ಣಪ್ಪ' 1954, ರಾಜ್‌ಕುಮಾರ್ ನಾಯಕರಾಗಿ ಬಂದ ಸಿನೆಮಾ. ಅದರ ಹಿಂದೆ ಇದ್ದದ್ದು ಗುಬ್ಬಿ ಕಂಪನಿಯವರ ಜೊತೆ ಎ.ವಿ.ಎಂ.

ಎ.ವಿ. ಮೆಯ್ಯಪ್ಪ ಚೆಟ್ಟಿಯಾರ್ 1945ರಲ್ಲಿ ಕಂಪನಿ ಕಟ್ಟಿದರು. ಶುರುವಿನಲ್ಲಿ ಕಾರೈಕುಡಿ ಕಡೆ ಇತ್ತು, 1948ರಲ್ಲಿ ಮದ್ರಾಸಿನ ವಡಪಳನಿಗೆ ಬಂತು. ಅವರಿಗೆ ಕನ್ನಡ ಹೊಸದಲ್ಲ. ಅದಕ್ಕೂ ಮೊದಲೇ, 1943ರಲ್ಲಿ, ಕನ್ನಡದಲ್ಲಿ ಹರಿಶ್ಚಂದ್ರನ ಕಥೆ ತೆಗೆದು, ಆಮೇಲೆ ಅದನ್ನೇ ತಮಿಳಿಗೆ ಡಬ್ ಮಾಡಿದ್ದರು. ಡಬ್ಬಿಂಗ್ ಇತಿಹಾಸ ಬರೆಯುವವರೆಲ್ಲ ಮೊದಲು ಹೇಳುವ ಹೆಸರುಗಳಲ್ಲಿ ಅದೂ ಒಂದು. ಡಬ್ಬಿಂಗ್ ಬೇಡ ಅಂತ ಅಷ್ಟು ವರ್ಷ ಕೂಗಾಡಿದ ನಾವು, ಡಬ್ಬಿಂಗ್ ಹೊರಟದ್ದೇ ಕನ್ನಡದಿಂದ ಅನ್ನುವುದನ್ನು ಮರೆತುಬಿಡುತ್ತೇವೆ.

ಆರ್ಕಾಟ್ ರಸ್ತೆಯಲ್ಲಿ ಸ್ಟುಡಿಯೋ ಬಾಗಿಲ ಹತ್ತಿರ ಎ.ವಿ.ಎಂ. ಅಕ್ಷರಗಳಿರುವ ದೊಡ್ಡ ಗೋಳ ಇದೆ. ಮದ್ರಾಸಿಗೆ ಹೋದ ನಮ್ಮೂರವರು ಬೀಚ್ ನೋಡದಿದ್ದರೂ ಅದನ್ನು ನೋಡಿ ಬರುತ್ತಿದ್ದರು. ಜೆಮಿನಿಯ ಕಥೆ ಬೇರೆ. ಎಸ್.ಎಸ್. ವಾಸನ್ ಅವರ ಸ್ಟುಡಿಯೋ ಲಾಂಛನದಲ್ಲಿ ಕಹಳೆ ಊದುವ ಇಬ್ಬರು ಪುಟ್ಟ ಮಕ್ಕಳು. 1948ರ 'ಚಂದ್ರಲೇಖಾ' ತಮಿಳು, ಹಿಂದಿ ಎರಡರಲ್ಲೂ ಓಡಿ ಆ ಮಕ್ಕಳನ್ನು ದೇಶಕ್ಕೆಲ್ಲ ಪರಿಚಯ ಮಾಡಿತು. ಸ್ಟುಡಿಯೋ ಹೋಯಿತು. ಅದರ ಎದುರಿನ ಮೇಲ್ಸೇತುವೆಗೆ 1973ರಲ್ಲಿ ಅಣ್ಣಾ ಹೆಸರಿಟ್ಟರೂ ಜನ ಇವತ್ತಿಗೂ ಜೆಮಿನಿ ಫ್ಲೈಓವರ್ ಅಂತಲೇ ಕರೆಯುತ್ತಾರೆ. ಬಸ್ ಕಂಡಕ್ಟರನ್ನು ಕೇಳಿ ನೋಡಿ.

ಗಡಿಯಾಚೆ

ನಮ್ಮ ಸಿನೆಮಾಕ್ಕೆ ಅವರ ಲಾಂಛನ, ನಮ್ಮ ಊರಿಗೆ ಅವರ ರಾಜ್ಯ. 1956ರ ರಾಜ್ಯ ವಿಂಗಡಣೆಯಿಂದ ಇದೇ ಹಾಡು.

ನಿರ್ವಾಹಕ

ಗಡಿ ವಿಷಯಕ್ಕೆ ಬೇರೆ ಚರ್ಚೆ ನಡೆಯುತ್ತಿದೆ, ಅಲ್ಲಿ ಬರೆಯಿರಿ. ಇಲ್ಲಿ ಕೋಳಿ ಇರಲಿ.

ಮಡಕಶಿರದಾಕೆ

ನಮ್ಮ ಅನಂತಪುರ ಕಡೆ ಕೋಳಿಯೂ ಇಲ್ಲ, ಕಹಳೆಯೂ ಇಲ್ಲ. ನಮ್ಮದು ಹನುಮಂತ. ತೆಲುಗಿನ ವಿಜಯಾ ಪ್ರೊಡಕ್ಷನ್ಸ್‌ನವರ ಬಾವುಟದಲ್ಲಿ ಹನುಮಂತ ಇರುತ್ತಿದ್ದ. ಅರ್ಜುನನ ರಥದ ಮೇಲಿನ ಧ್ವಜ ಅದು, ಮಹಾಭಾರತ ಕೇಳಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಜ್ಜಿ ಬಾವುಟ ಕಂಡ ಕೂಡಲೇ ಕೈ ಮುಗಿಯುತ್ತಿದ್ದರು. ಅಲ್ಲಿಗೆ ಸಿನೆಮಾ ಅರ್ಧ ಗೆದ್ದಂತೆ.

ನಾಗಿರೆಡ್ಡಿ, ಚಕ್ರಪಾಣಿ ಇಬ್ಬರೂ ಸೇರಿ ಕಟ್ಟಿದ ಸಂಸ್ಥೆ. 1947ರಲ್ಲಿ 'ಚಂದಮಾಮ' ಶುರು ಮಾಡಿದ್ದೂ ಇವರೇ. ಮಕ್ಕಳ ಪತ್ರಿಕೆ ನಡೆಸಿದವರಿಗೆ ಚಿತ್ರ ನೋಡಿಯೇ ಕಥೆ ಗೊತ್ತಾಗಬೇಕು ಅನ್ನುವ ಗುಟ್ಟು ಗೊತ್ತಿತ್ತು ಅಂತ ನನ್ನ ಲೆಕ್ಕ. ಹೊಸೂರಿನ ತಮ್ಮ ಹೇಳಿದ ಮಾತು ಇಲ್ಲೂ ನಿಜ. ರಾಜ್‌ಕುಮಾರ್ ಅವರ 'ಸತ್ಯ ಹರಿಶ್ಚಂದ್ರ', 1965ರದ್ದು, ತೆಗೆದದ್ದು ವಿಜಯಾದವರು. ನಿರ್ಮಾಪಕರು ಕೆ.ವಿ. ರೆಡ್ಡಿ, ನಿರ್ದೇಶಕರು ನಮ್ಮ ಹುಣಸೂರು ಕೃಷ್ಣಮೂರ್ತಿ. ತೆಲುಗಿನವರ ಮನೆ, ಕನ್ನಡದ ಅಡುಗೆ.

ಆಮೇಲಿನ ಕಾಲದ್ದು ಒಂದು ಹೇಳುತ್ತೇನೆ. ರಾಮಾನಾಯ್ಡು ಅವರ ಸುರೇಶ್ ಪ್ರೊಡಕ್ಷನ್ಸ್ ಲಾಂಛನದಲ್ಲಿ ಎರಡು ಇಂಗ್ಲಿಷ್ ಅಕ್ಷರಗಳ ಮೇಲೆ ಇಬ್ಬರು ಹುಡುಗರು ನಿಂತಿರುತ್ತಾರಲ್ಲ, ಅವರು ಅವರ ಮಕ್ಕಳೇ. ಸುರೇಶ್ ಮತ್ತು ವೆಂಕಟೇಶ್. ಒಬ್ಬರು ನಿರ್ಮಾಪಕರಾದರು, ಒಬ್ಬರು ಹೀರೋ ಆದರು, ಲಾಂಛನದಲ್ಲಿ ಮಾತ್ರ ಹುಡುಗರಾಗಿಯೇ ಉಳಿದರು.

ಅಕ್ಕಲಕೋಟೆ ಮಾಸ್ತರ

ಎಲ್ಲಾರೂ ದಕ್ಷಿಣದ್ದೇ ಹೇಳಾಕತ್ತೀರಿ. ಸ್ವಲ್ಪ ಮ್ಯಾಲೆ ಬರ್ರಿ. ನಮ್ಮ ಸೊಲ್ಲಾಪುರ, ಜತ್ತ, ಕೊಲ್ಹಾಪುರದ ಕಡೆಯವರಿಗೆ ಲಾಂಛನ ಅಂದರೆ ಒಂದೇ, ಪ್ರಭಾತದ ತುತಾರಿ.

1929ರ ಜೂನ್ 1ರಂದು ಕೊಲ್ಹಾಪುರದಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹುಟ್ಟಿತು. ವ್ಹಿ. ಶಾಂತಾರಾಮ, ದಾಮ್ಲೆ, ಫತ್ತೇಲಾಲ, ಧೈಬರ, ಇವರ ಜೊತೆ ದುಡ್ಡಿನ ಕಡೆಯಿಂದ ಸೀತಾರಾಮಪಂತ ಕುಲಕರ್ಣಿ. ಐದು ಮಂದಿ. ಮೊದಲ ನಾಲ್ವರು ಬಾಬುರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿ ಕೆಲಸ ಕಲಿತು ಹೊರಬಂದವರು. ಲಾಂಛನ ನೋಡಿದವರು ಮರೆಯುವುದಿಲ್ಲ. ಬಾಗಿದ ಉದ್ದನೆಯ ತುತಾರಿಯನ್ನು ಮುಗಿಲಿಗೆ ಎತ್ತಿ ಊದುವ ಹೆಂಗಸು. ಮದುವೆ, ಮೆರವಣಿಗೆ, ಜಾತ್ರೆಯಲ್ಲಿ ತುತಾರಿ ಕೇಳಿ ಬೆಳೆದ ಜನ ನಾವು. ನಮ್ಮ ಕಡೆ ಅದು ಶುಭಕ್ಕೆ ಮೊದಲು ಬರುವ ದನಿ.

ನನಗೆ ಹಿಡಿಸುವುದು ಇದು. ಕಂಪನಿ ಹುಟ್ಟಿದ್ದು ಮೂಕಿ ಚಿತ್ರದ ಕಾಲದಲ್ಲಿ. ಮಾತಾಡುವ ಚಿತ್ರ, 'ಅಯೋಧ್ಯೇಚಾ ರಾಜಾ', ಬಂದದ್ದು 1932ಕ್ಕೆ. ಪರದೆಯ ತುತಾರಿಗೆ ದನಿ ಸಿಗಬೇಕಾದರೆ ಅಲ್ಲಿಯ ತನಕ ಕಾಯಲೇಬೇಕಿತ್ತು. ಅಮೆರಿಕದ ಎಂ.ಜಿ.ಎಂ. ಸಿಂಹದ ಪಾಡೂ ಅದೇ ರೀ. 1924ರಲ್ಲಿ ಬಂದ ಮೊದಲ ಸಿಂಹದ ಹೆಸರು ಸ್ಲ್ಯಾಟ್ಸ್, ಅದು ಸುಮ್ನೆ ಅತ್ತ ಇತ್ತ ನೋಡುತ್ತಿತ್ತು. 1928ರಲ್ಲಿ ಜಾಕಿ ಅನ್ನುವ ಸಿಂಹ ಬಂದಾಗ ಗರ್ಜನೆ ಕೇಳಿಸಿತು, ಅದೂ ಗ್ರಾಮಫೋನ್ ತಟ್ಟೆಯಿಂದ. ಈಗ ನಾವು ನೋಡಿ ಗುರುತಿಸುವ ಲಿಯೋ 1957ರಿಂದ ಇರುವುದು. ಅಲ್ಲಿ ಸಿಂಹಗಳೇ ಬದಲಾದವು, ಜನ ಒಂದೇ ಅಂದುಕೊಂಡರು.

1933ರಲ್ಲಿ ಪ್ರಭಾತ ಪುಣೆಗೆ ಹೋಯಿತು. 'ಸಂತ ತುಕಾರಾಮ', 1936ರದ್ದು, ವೆನಿಸ್ ಚಿತ್ರೋತ್ಸವದವರೆಗೂ ಹೋಗಿ ಗೌರವ ಪಡೆಯಿತು. 1950ರ ದಶಕದಲ್ಲಿ ಬಾಗಿಲು ಹಾಕಿತು. 1960ರಲ್ಲಿ ಅದೇ ಜಾಗದಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಂತು. ಗಿರೀಶ ಕಾಸರವಳ್ಳಿ ಕಲಿತದ್ದು ಅಲ್ಲೇ ಅಲ್ಲೇನ್ರಿ. ಇನ್ನೊಂದು ನೆನಪಿಟ್ಟುಕೊಳ್ಳಿ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ', 1934, ಚಿತ್ರೀಕರಣ ಆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಕನ್ನಡ ಸಿನೆಮಾ ಮೊದಲು ಬಾಯಿ ಬಿಟ್ಟದ್ದೇ ನಮ್ಮ ಕಡೆ.

ಪೆರ್ಲದ ಪ್ರೇಕ್ಷಕ

ಮಾಸ್ತರೇ, ಒಂದು ಹೊಳೆಯಿತು. ಬೆಳಗಿನ ಹೆಸರು ಇಟ್ಟುಕೊಂಡ ಎರಡು ಸ್ಟುಡಿಯೋ. ಎರಡರಲ್ಲೂ ಸೂರ್ಯ ಮುಖ್ಯ ಅಲ್ಲ. ಅಲ್ಲಿ ತುತಾರಿ, ಇಲ್ಲಿ ಕೋಳಿ. ಟಾಕೀಸಿನ ಕತ್ತಲೆಯಲ್ಲಿ ಮಾತಾಡುತ್ತಾ ಕೂತ ಜನರನ್ನು ಸುಮ್ಮನಾಗಿಸಲು ಸೂರ್ಯ ಸಾಲದು, ಸದ್ದು ಬೇಕು. ಬ್ರಿಟನ್ನಿನ ರ‍್ಯಾಂಕ್ ಸಿನೆಮಾ ಕಂಪನಿಯವರದ್ದೂ ಇದೇ ಉಪಾಯ, ಬರಿಮೈಯ ಗಟ್ಟಿಗ ಜಾಗಟೆ ಬಾರಿಸುವುದು. ಅದರ ಗುಟ್ಟು ಗೊತ್ತಾ? ಪರದೆಯ ಮೇಲಿನ ಜಾಗಟೆ ಸುಳ್ಳು, ಕಾಗದದ ಮುದ್ದೆಯಲ್ಲಿ ಮಾಡಿದ್ದು. ನಾವು ಕೇಳುವ ಸದ್ದನ್ನು ಜೇಮ್ಸ್ ಬ್ಲೇಡ್ಸ್ ಎಂಬ ವಾದಕರು ಬೇರೆ ಜಾಗಟೆಯ ಮೇಲೆ ನುಡಿಸಿದ್ದು.

ಕುಂಬಳೆ ಕಡಲು

ಫ್ರಾನ್ಸಿನ ಪಾಥೆ ಕಂಪನಿಗೂ ಕೋಳಿಯೇ ಗುರುತು. ಯೂನಿವರ್ಸಲ್‌ಗೆ ಭೂಗೋಳ. ಎರಡನ್ನೂ ಸೇರಿಸಿದರೆ ಉದಯಾ ಆಗುತ್ತದಲ್ಲ! ಇಲ್ಲಿಂದ ಅರ್ಧ, ಅಲ್ಲಿಂದ ಅರ್ಧ ತಂದದ್ದೋ?

ರೀಲು ಮಾಮ

ಬೆಳಗ್ಗೆ ಕೋಳಿ ಕೂಗುತ್ತದೆ ಅಂತ ಗೊತ್ತಾಗಲು ಆಲಪ್ಪುಳದವರು ಪ್ಯಾರಿಸ್‌ಗೆ ಹೋಗಬೇಕಾ? ಗೋಳದ ವಿಷಯದಲ್ಲಿ ನಿಮ್ಮ ಮಾತಿಗೆ ತೂಕ ಉಂಟು. ಆ ಕಾಲದಲ್ಲಿ ಗೋಳ ಇಡದವರು ಯಾರು? ನಮ್ಮ ಸಿನೆಮಾ ಲೋಕಕ್ಕೆಲ್ಲ ಹೋಗುತ್ತದೆ ಅನ್ನುವ ಆಸೆ. ಪೆಟ್ಟಿಗೆ ಹೋದದ್ದು ಮಂಜೇಶ್ವರದ ತನಕ!

ಗೋಳ ಅಂದಾಗ ನೆನಪಾಯಿತು. ಅಗಲ ಪರದೆಯ ಸಿನೆಮಾಸ್ಕೋಪ್ ಬಂದ ಹೊಸತರಲ್ಲಿ ಇದರದ್ದೇ ಫಜೀತಿ. ಕನ್ನಡದಲ್ಲಿ 1977ರ 'ಸೊಸೆ ತಂದ ಸೌಭಾಗ್ಯ' ಮೊದಲ ಸ್ಕೋಪ್, ಮಲಯಾಳಂನಲ್ಲಿ ಮರುವರ್ಷ ನವೋದಯದ 'ತಚ್ಚೋಳಿ ಅಂಬು'. ನವೋದಯದ ಅಪ್ಪಚ್ಚನ್ ಕುಂಚಾಕೋ ಅವರ ತಮ್ಮನೇ. ಸ್ಕೋಪ್ ಅಂದರೆ ಚಿತ್ರವನ್ನು ಅಡ್ಡಕ್ಕೆ ಹಿಂಡಿ ಫಿಲ್ಮಿಗೆ ಹಾಕಿರುತ್ತಾರೆ, ಪ್ರೊಜೆಕ್ಟರಿನ ಲೆನ್ಸ್ ಅದನ್ನು ಎರಡು ಪಟ್ಟು ಅಗಲ ಮಾಡುತ್ತದೆ. ಹಳೇ ಚೌಕದ ಲಾಂಛನವನ್ನು ಹಿಂಡದೆ ಹಾಗೇ ಅಂಟಿಸಿದರೆ ಏನಾಗುತ್ತದೆ? ದುಂಡಗಿನ ಗೋಳ ಅಡ್ಡಕ್ಕೆ ಮಲಗಿದ ಕುಂಬಳಕಾಯಿ. ಎದುರಿನ ಬೆಂಚಿನಿಂದ ಶಿಳ್ಳೆ, "ಏ ಲೆನ್ಸ್ ಸರಿ ಮಾಡೋ!" ಲೆನ್ಸಿನದ್ದು ಎಂತ ತಪ್ಪು? ಅದಕ್ಕೇ ಸ್ಕೋಪಿಗೆ ಕಾಲಿಟ್ಟವರು ಲಾಂಛನವನ್ನು ಹೊಸದಾಗಿ ತೆಗೆಯಲೇಬೇಕಾಯಿತು.

ಬಣ್ಣ ಬಂದಾಗಲೂ ಇಂಥದ್ದೇ ತೊಂದರೆ. ಕಪ್ಪು ಬಿಳುಪಿನ ನೆಗೆಟಿವನ್ನು ಬಣ್ಣದ ಫಿಲ್ಮಿನ ಮೇಲೆ ಅಚ್ಚು ಹಾಕಿದರೆ ಶುದ್ಧ ಕಪ್ಪು ಸಿಗುವುದು ಕಷ್ಟ. ಎಲ್ಲೋ ನೀಲಿ ಹೊಡೆಯುತ್ತದೆ, ಎಲ್ಲೋ ಕಂದು. ಒಂದು ಸ್ಟುಡಿಯೋದ ಲಾಂಛನ ಕಾಲಕಾಲಕ್ಕೆ ಬದಲಾದದ್ದು ಯಜಮಾನರ ಮನಸ್ಸು ಬದಲಾದದ್ದರಿಂದ ಮಾತ್ರ ಅಲ್ಲ. ಫಿಲ್ಮ್ ಬದಲಾಯಿತು, ಲೆನ್ಸ್ ಬದಲಾಯಿತು, ಕೋಳಿಯೂ ಬದಲಾಗಬೇಕಾಯಿತು.

ಹೊಸೂರು ಹೈದ

ಬಾಂಬೆಯವರನ್ನು ಬಿಟ್ಟೇಬಿಟ್ಟಿರಿ. ಆರ್.ಕೆ. ಲಾಂಛನ 1949ರ 'ಬರ್ಸಾತ್' ಸಿನೆಮಾದ ಒಂದು ದೃಶ್ಯದಿಂದ ಹುಟ್ಟಿದ್ದು, ಒಂದು ಕೈಯಲ್ಲಿ ಪಿಟೀಲು, ಇನ್ನೊಂದು ತೋಳಿನಲ್ಲಿ ಹುಡುಗಿ. ಸಿನೆಮಾ ಗೆದ್ದಿತು, ಪೋಸ್ಟರೇ ಮೊಹರಾಯಿತು. ಮೆಹಬೂಬ್ ಖಾನ್ ಅವರದ್ದು ಕುಡುಗೋಲು ಸುತ್ತಿಗೆ, ಜೊತೆಗೆ ಎಲ್ಲವೂ ದೇವರಿಚ್ಛೆ ಅನ್ನುವ ಅರ್ಥದ ಉರ್ದು ಸಾಲು. ಆ ಎರಡನ್ನು ಒಟ್ಟಿಗೆ ಕೂರಿಸುವ ಧೈರ್ಯ ಅವರೊಬ್ಬರಿಗೇ.

ಮಡಕಶಿರದಾಕೆ

ಸರಿ, ಮೊದಲಿನ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರ ಕೊಡಲಿಲ್ಲ. ಕನ್ನಡಕ್ಕೆ ಯಾಕಿಲ್ಲ?

ಹೊಸೂರು ಹೈದ

ಅಕ್ಕ, ಸ್ಟುಡಿಯೋ ಬೇರೆ, ಬ್ಯಾನರ್ ಬೇರೆ. ಅದನ್ನು ಬೆರೆಸಿದರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಫ್ಲೋರ್, ಅಂದರೆ ಚಿತ್ರೀಕರಣದ ಜಾಗ, ಬಾಡಿಗೆಗೆ ಕೊಟ್ಟವರ ಗುರುತು ಸಿನೆಮಾದ ತಲೆಯಲ್ಲಿ ಬರುವುದಿಲ್ಲ. ದುಡ್ಡು ಹಾಕಿದವರದ್ದು ಬರುತ್ತದೆ. ಎ.ವಿ.ಎಂ., ಜೆಮಿನಿ, ಪ್ರಭಾತ, ಉದಯಾ, ಇವರೆಲ್ಲ ಫ್ಲೋರೂ ಇಟ್ಟುಕೊಂಡು ದುಡ್ಡೂ ಹಾಕಿದರು. ಸಿನೆಮಾ ಮೇಲೆ ಸಿನೆಮಾ ತೆಗೆದರು. ಅದೇ ಗುರುತು ದಶಕಗಟ್ಟಲೆ ಬಂತು, ಜನರ ತಲೆಯಲ್ಲಿ ಕೂತಿತು.

ನಮ್ಮಲ್ಲಿ ಹಾಗಾಗಲಿಲ್ಲ. ಮೈಸೂರಿನ ಪ್ರೀಮಿಯರ್, ಬೆಂಗಳೂರಿನ ಚಾಮುಂಡೇಶ್ವರಿ, 1966ರ ಸರ್ಕಾರಿ ಕಂಠೀರವ. ಇವೆಲ್ಲ ಮುಖ್ಯವಾಗಿ ಬಾಡಿಗೆಯ ಜಾಗಗಳು. ಅದಕ್ಕೆ ಮೊದಲು ಕನ್ನಡ ಸಿನೆಮಾ ಮದ್ರಾಸಿನಲ್ಲಿ ಒಂದು ಫ್ಲೋರಿನಿಂದ ಇನ್ನೊಂದು ಫ್ಲೋರಿಗೆ ಅಲೆದದ್ದು. ನಿರ್ಮಾಪಕರು ಒಂದೆರಡು ಸಿನೆಮಾ ತೆಗೆದು, ಸಾಲ ತೀರಿಸಿ, ಮನೆಗೆ ಹೋಗುತ್ತಿದ್ದರು. ಶುರುವಿನಲ್ಲಿ ಮನೆದೇವರಿಗೆ ಆರತಿ ಎತ್ತುವ ದೃಶ್ಯ. ಪ್ರತಿ ಬ್ಯಾನರಿಗೂ ಬೇರೆ ದೇವರು. ನೆನಪಿಟ್ಟುಕೊಳ್ಳುವವರು ಎಷ್ಟು ಅಂತ ನೆನಪಿಟ್ಟುಕೊಳ್ಳುತ್ತಾರೆ?

ಅಕ್ಕಲಕೋಟೆ ಮಾಸ್ತರ

ತಮ್ಮಾ, ಪೂರ್ತಿ ಒಪ್ಪುವುದಿಲ್ಲ. ಬಿ.ಎಸ್. ರಂಗಾ ಅವರನ್ನು ಮರೆತಿರಿ. ಮಾಗಡಿಯವರು, ಮದ್ರಾಸಿನಲ್ಲೇ ವಿಕ್ರಂ ಸ್ಟುಡಿಯೋ ಕಟ್ಟಿದರು. ಕನ್ನಡದ ಮೊದಲ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ', 1964, ಅವರದ್ದೇ. ಫ್ಲೋರೂ ಇತ್ತು, ದುಡ್ಡೂ ಹಾಕಿದರು. ಆದರೂ ವಿಕ್ರಂ ಗುರುತು ಎ.ವಿ.ಎಂ. ಹಾಗೆ ಜನರ ಬಾಯಲ್ಲಿ ಉಳಿಯಲಿಲ್ಲ. ಕಾರಣ ಬರೇ ದುಡ್ಡಿನದಲ್ಲ ರೀ. ಕನ್ನಡದವರು ಸಿನೆಮಾ ನೋಡಲು ಹೋದದ್ದು ನಟನನ್ನು ನೋಡಿ. ಪರದೆ ಮೇಲೆ ರಾಜಣ್ಣನ ಹೆಸರು ಬರುವ ತನಕ ಬಂದದ್ದೆಲ್ಲ ಸುಮ್ನೆ ಕಾಯುವ ಹೊತ್ತು.

ಪೆರ್ಲದ ಪ್ರೇಕ್ಷಕ

ವಜ್ರೇಶ್ವರಿ? ಪಾರ್ವತಮ್ಮನವರು 1975ರಲ್ಲಿ 'ತ್ರಿಮೂರ್ತಿ'ಯಿಂದ ನಿರ್ಮಾಣಕ್ಕೆ ಇಳಿದರು. ಆಮೇಲೆ ಆ ಹೆಸರು ಪರದೆ ಮೇಲೆ ಬಂದರೆ ಮಂಗಳೂರಿನ ಟಾಕೀಸಿನಲ್ಲಿ ಶಿಳ್ಳೆ ಬೀಳುತ್ತಿತ್ತು, ನಾನೇ ಹೊಡೆದಿದ್ದೇನೆ. ಫ್ಲೋರ್ ಇಲ್ಲದಿದ್ದರೂ ಗುರುತು ಉಳಿಯಿತು. ಹೊಸೂರಿನವರ ಮಾತು ಅಲ್ಲಿಗೆ ಬಿತ್ತು. ಹೊಂಬಾಳೆಯವರದ್ದೂ ಈಗ ಹಾಗೇ. 2018ರ 'ಕೆ.ಜಿ.ಎಫ್.', 2022ರ 'ಕಾಂತಾರ' ಆದ ಮೇಲೆ ಆ ಹೆಸರು ಬಂದ ಕೂಡಲೇ ಕಾಸರಗೋಡಿನ ಮಲಯಾಳಿ ಹುಡುಗರೂ ಕೂಗುತ್ತಾರೆ.

ಹೊಸೂರು ಹೈದ

ಬಿದ್ದಿಲ್ಲ ಅಣ್ಣ. ಫ್ಲೋರ್ ಬೇಕೇ ಬೇಕು ಅಂತ ನಾನು ಹೇಳಲಿಲ್ಲ, ಸಿನೆಮಾ ಮೇಲೆ ಸಿನೆಮಾ ಬರಬೇಕು ಅಂದೆ. ವಜ್ರೇಶ್ವರಿಯವರು ಬಿಡದೆ ತೆಗೆದರು, ಉಳಿಯಿತು.

ಕುಂಬಳೆ ಕಡಲು

ಈ ಲಾಂಛನಗಳ ಹಳೇ ಫಿಲ್ಮ್ ಈಗ ಎಲ್ಲಿವೆ? ಯೂಟ್ಯೂಬಿನಲ್ಲಿ ಇರುವುದೆಲ್ಲ ಮಸುಕು.

ಅಕ್ಕಲಕೋಟೆ ಮಾಸ್ತರ

ಪುಣೆಯ ಚಲನಚಿತ್ರ ಸಂಗ್ರಹಾಲಯದಲ್ಲಿ, ಉಳಿದಷ್ಟು. 1950ರ ದಶಕದ ಶುರುವಿನ ತನಕ ಫಿಲ್ಮ್ ಅಂದರೆ ನೈಟ್ರೇಟ್. ಕಿಡಿ ತಾಗಿದರೆ ನೀರಿಗೂ ಆರುವುದಿಲ್ಲ. 2003ರ ಜನವರಿಯಲ್ಲಿ ಪುಣೆಯ ದಾಸ್ತಾನಿಗೆ ಬೆಂಕಿ ಬಿದ್ದು ನೈಟ್ರೇಟ್ ರೀಲುಗಳು ರಾಶಿರಾಶಿ ಸುಟ್ಟುಹೋದವು. ಪ್ರಭಾತದವೂ ಅದರಲ್ಲಿದ್ದವು. ಸುಲಭಕ್ಕೆ ಉರಿಯದ ಸೇಫ್ಟಿ ಫಿಲ್ಮಿಗೆ ಮೊದಲೇ ನಕಲು ಮಾಡಿಟ್ಟದ್ದು ಉಳಿದಿದೆ. ನೀವು ನೋಡುವ ಮಸುಕು ನಕಲಿನ ನಕಲು.

ಉಪ್ಪಳದ ಹುಡುಗಿ

ನನ್ನದೊಂದು ಸ್ವಾರ್ಥದ ಪ್ರಶ್ನೆ. ನಾವು ಗೆಳತಿಯರು ಒಂದು ಕಿರುಚಿತ್ರ ಮಾಡುತ್ತಿದ್ದೇವೆ. ಅರ್ಧ ಕನ್ನಡ, ಅರ್ಧ ತುಳು, ನಡುವೆ ಮಲಯಾಳಂ. ಶುರುವಿಗೆ ನಮ್ಮದೇ ಲಾಂಛನ ಬೇಕು. ಗೋಳದ ಮೇಲೆ ಕೋಳಿ ಇಟ್ಟರೆ ಕೇಸ್ ಬೀಳುತ್ತದಾ?

ಮಡಕಶಿರದಾಕೆ

ಇಡಬೇಡಮ್ಮ. ನಮ್ಮ ದೇಶದಲ್ಲಿ ಸಿನೆಮಾದ ಹಕ್ಕುಸ್ವಾಮ್ಯ ಬಿಡುಗಡೆಯಾದ ಮೇಲೆ 60 ವರ್ಷಕ್ಕೆ ಮುಗಿಯುತ್ತದೆ. ಟ್ರೇಡ್‌ಮಾರ್ಕ್ ಹಾಗಲ್ಲ. 10 ವರ್ಷಕ್ಕೊಮ್ಮೆ ಹಣ ಕಟ್ಟಿ ನವೀಕರಿಸುತ್ತಾ ಹೋದರೆ ಅದಕ್ಕೆ ಮುಪ್ಪೇ ಇಲ್ಲ. ಸಿನೆಮಾ ಎಲ್ಲರದ್ದಾದರೂ ಅದರ ತಲೆಯ ಮೇಲಿನ ಗುರುತು ಒಬ್ಬರದ್ದೇ ಆಗಿರಬಹುದು. ಬರೀ ಸದ್ದನ್ನೂ ನೋಂದಾಯಿಸಬಹುದು, 2008ರಲ್ಲಿ ಯಾಹೂ ತನ್ನ ಕೂಗನ್ನು ಭಾರತದಲ್ಲಿ ನೋಂದಾಯಿಸಿಕೊಂಡಿದೆ. ಅದೂ ಅಲ್ಲದೆ, ಸ್ವಂತದ್ದು ಮಾಡೋಕೆ ಏನಾಗಿದೆ? ನಿಮ್ಮ ಕಡೆ ಯಕ್ಷಗಾನ ಇಲ್ಲವಾ?

ಉಪ್ಪಳದ ಹುಡುಗಿ

ಯಕ್ಷಗಾನದ ಕಿರೀಟ ಎಲ್ಲರೂ ಇಟ್ಟಾಗಿದೆ ಅಕ್ಕ. ಕಲ್ಯಾಣ ಮಂಟಪದಿಂದ ಬೇಕರಿಯ ತನಕ. ಚೆಂಡೆಯ ಸದ್ದು ಮಾತ್ರ ಇಡೋಣ ಅಂತ ಇದ್ದೇವೆ. ಚಿತ್ರ ಬಂದರೆ ಚೆಂಡೆ ಕೋಲು ಚರ್ಮಕ್ಕೆ ಬೀಳುವ ಒಂದೇ ಹೊಡೆತ, ಹತ್ತಿರದಿಂದ.

ರೀಲು ಮಾಮ

ಅದು ಚೆನ್ನಾಗಿ ಉಂಟು ಮಗಳೇ. ಹತ್ತು ಸೆಕೆಂಡ್ ದಾಟಿಸಬೇಡ, ಅಂದರೆ 240 ಫ್ರೇಮ್. ಶುರುವಿಗೆ ಎರಡು ಸೆಕೆಂಡ್ ಖಾಲಿ ಕಪ್ಪು ಇಡು, ಹೊಡೆತ ಆಮೇಲೆ ಬೀಳಲಿ. ಈಗ ಫಿಲ್ಮ್ ಹರಿಯುವುದಿಲ್ಲ ನಿಜ, ಆದರೆ ಸರ್ವರಿನಲ್ಲಿ ಜಾಹೀರಾತು ಮುಗಿದು ಸಿನೆಮಾ ಶುರುವಾಗುವಾಗ ಧ್ವನಿ ಏರಿಸುವವನು ಒಂದು ಕ್ಷಣ ತಡ ಮಾಡಿಯೇ ಮಾಡುತ್ತಾನೆ. ಫ್ಲ್ಯಾಟ್ ಅಂದರೆ ಸ್ಕೋಪಿಗಿಂತ ಕಡಿಮೆ ಅಗಲದ ಚಿತ್ರ, ಅದಕ್ಕೆ 1998 ಅಡ್ಡ 1080 ಪಿಕ್ಸೆಲ್, ಸ್ಕೋಪ್‌ಗೆ 2048 ಅಡ್ಡ 858. ಎರಡನ್ನೂ ಬೇರೆ ಬೇರೆ ಮಾಡಿಸು. ಒಂದನ್ನೇ ಎಳೆದು ಹಾಕಿದರೆ ಚೆಂಡೆ ಹೋಗಿ ಮದ್ದಳೆ ಆದೀತು.

ಕುಂಬಳೆ ಕಡಲು

ಎಲ್ಲಿ ಹಾಕುತ್ತೀರಿ ಅಂತ ಹೇಳಿ, ದೊಡ್ಡಣ್ಣನನ್ನೂ ಕರೆದುಕೊಂಡು ಬರುತ್ತೇನೆ. ಈ ಸಲ ಮೊದಲ ಆಟಕ್ಕೇ.